ಇನ್ನಾಸಪ್ಪನವರನ್ನು ವಾಪಸು ಕರೆದದ್ದು

ಆ ಭಾನುವಾರ ನಾವು ಸೋತದ್ದು ಎದುರಾಳಿಗಳ ಆಟದಿಂದಲ್ಲ. ಮುಗಿಯಲು ನಾಲ್ಕೇ ನಿಮಿಷವಿತ್ತು, ಎರಡೂ ಕಡೆ ಗೋಲಿಲ್ಲ, ಚೆಂಡು ನಮ್ಮ ದೊರೆಸ್ವಾಮಿಯ ಕಾಲಲ್ಲಿತ್ತು. ಅವನ ಬಲಗಡೆ ನಮ್ಮವನೊಬ್ಬ ಕೈಯೆತ್ತಿಕೊಂಡು ಓಡುತ್ತಿದ್ದ. ಆಗ ಮೈದಾನದ ಮೂಲೆಯಿಂದ ‘ಎಡಕ್ಕೆ, ಎಡಕ್ಕೆ ಕೊಡೋ!’ ಎಂದು ಇನ್ನಾಸಪ್ಪನವರ ದನಿ ಗದರಿತು. ದೊರೆಸ್ವಾಮಿ ಎಡಕ್ಕೆ ಕೊಟ್ಟ. ಎಡಗಡೆ ಯಾರಿದ್ದರು? ಎದುರು ತಂಡದ ಹತ್ತನೇ ನಂಬರಿನವನಿದ್ದ. ಅವನು ಥ್ಯಾಂಕ್ಸ್ ಅನ್ನಲಿಲ್ಲ, ಅಷ್ಟೆ. ಚೆಂಡನ್ನು ನೇರ ನಮ್ಮ ಗೋಲಿಗೆ ತಲುಪಿಸಿದ. ಇನ್ನಾಸಪ್ಪನವರು ಆ ಹೊತ್ತಿನಲ್ಲಿ ಮೈದಾನದಿಂದ ಒಂದೂವರೆ ಮೈಲಿ ದೂರದಲ್ಲಿ, ತಮ್ಮ ಮನೆಯ ಜಗಲಿಯ ಮೇಲೆ ಕೂತು ಯಾರದೋ ಕುರ್ಚಿಗೆ ಬೆತ್ತ ಹೆಣೆಯುತ್ತಿದ್ದರು. ಅವರನ್ನು ನಾವು ಕೋಚ್ ಕೆಲಸಕ್ಕೆ ಬೇಡ ಎಂದು ಕಳಿಸಿ ಹನ್ನೊಂದು ವರ್ಷವಾಗಿತ್ತು.

ನಮ್ಮ ಊರಲ್ಲಿ ಹೀಗೆಯೇ. ಯಾರನ್ನು ಬೇಡ ಎಂದು ಕಳಿಸುತ್ತೀರೋ ಅವರ ದನಿ ಅವರ ಜೊತೆ ಹೋಗುವುದಿಲ್ಲ, ಕೆಲಸ ಮಾಡಿದ ಜಾಗದಲ್ಲೇ ಉಳಿದುಬಿಡುತ್ತದೆ. ಅವರ ಪಾಲಿಗೆ ಉಳಿಯುವುದು ಬರೀ ಪಿಸುಮಾತು. ತಾವಾಗಿ ಬಿಟ್ಟುಹೋದವರಿಗೆ, ವಯಸ್ಸಾಗಿ ನಿವೃತ್ತರಾದವರಿಗೆ ಈ ಕಷ್ಟವಿಲ್ಲ. ಎರಡನೇ ನಂಬರಿನ ಬಸ್ಸಿನಲ್ಲಿ ಕಂಡಕ್ಟರ್ ಹನುಮಂತುವಿನ ದನಿ ‘ಮುಂದೆ ಹೋಗಿ, ಮುಂದೆ ಜಾಗ ಇದೆ’ ಎಂದು ಖಾಲಿ ಬಸ್ಸಿಗೂ ಹೇಳುತ್ತಿರುತ್ತದೆ. ಅದೇ ಬಸ್ಸಿನಲ್ಲಿ ಹನುಮಂತು ಟಿಕೆಟ್ ತೆಗೆದುಕೊಂಡು ಕಿಟಕಿ ಪಕ್ಕ ತೆಪ್ಪಗೆ ಕೂತಿರುತ್ತಾನೆ. ಸರ್ಕಲ್ಲಿನ ಹೋಟೆಲಿನಲ್ಲಿ ಹಳೇ ಸಪ್ಲೈಯರ್‌ನ ದನಿ ತಿಂಡಿಗಳ ಹೆಸರು ಹೇಳುತ್ತದೆ. ಅದರಲ್ಲಿ ಬರುವ ಶ್ಯಾವಿಗೆ ಬಾತನ್ನು ಮಾಡುವುದು ನಿಲ್ಲಿಸಿ ಏಳು ವರ್ಷವಾಯಿತು. ಪರಊರಿನವರು ಅದನ್ನೇ ಕೇಳುತ್ತಾರೆ, ಮಾಲೀಕ ಹಣೆ ಚಚ್ಚಿಕೊಳ್ಳುತ್ತಾನೆ. ನಮ್ಮ ಹಿಂದಿನ ಬೀದಿಯಲ್ಲಿ ಸೊಸೆಯನ್ನು ಬೇಡವೆಂದು ತವರಿಗೆ ಅಟ್ಟಿದ ಮನೆಯೊಂದಿದೆ. ಅಲ್ಲಿ ಅಡುಗೆಮನೆಗೆ ಕಾಲಿಟ್ಟರೆ ‘ಅತ್ತೆ, ಉಪ್ಪು ನೋಡ್ತೀರಾ?’ ಎನ್ನುವುದು ಕೇಳಿಸುತ್ತದೆ. ಆ ಮನೆಯವರು ಈಗ ಹಿತ್ತಲಲ್ಲಿ ಒಲೆ ಹಾಕಿಕೊಂಡಿದ್ದಾರೆ.

ದನಿ ವಾಪಸು ಸಿಗಬೇಕಾದರೆ ದಾರಿ ಒಂದೇ. ಮೊದಲು ಬೇಡ ಅಂದವರು ಯಾರೋ ಅವರೇ ಆ ಮನೆಯ ಬಾಗಿಲಿಗೆ ಹೋಗಿ ‘ಬಾ’ ಅನ್ನಬೇಕು. ಸಂಘ, ಕಮಿಟಿ, ಪಂಚಾಯ್ತಿ ಎಲ್ಲ ಸೇರಿ ಮೇಳ ಕಟ್ಟಿಕೊಂಡು ಹೋದರೂ ನಡೆಯುವುದಿಲ್ಲ. ಹಾಗೆ ಹೋಗಿ ಕರೆದವರು ನಮ್ಮ ಊರಿನಲ್ಲಿ ಬೆರಳೆಣಿಕೆ. ಬೇಡ ಅಂದ ನಾಲಿಗೆ ಬಾ ಅನ್ನುವುದು ಸುಲಭವಲ್ಲ.

ಇನ್ನಾಸಪ್ಪನವರನ್ನು ಮೊದಲು ಬೇಡ ಅಂದವಳು ನಾನು.

ನನ್ನ ಹೆಸರು ದೇವೀರಮ್ಮ. ತಂಡದ ಜೆರ್ಸಿಗಳಿಗೆ ನಂಬರು ಹೊಲಿಯುವುದು, ಹರಿದದ್ದನ್ನು ತೇಪೆ ಹಾಕುವುದು ಮೂವತ್ತು ವರ್ಷದಿಂದ ನನ್ನ ಕೆಲಸ. ಅಭಿಮಾನಿ ಸಂಘದಲ್ಲಿ ಇರುವ ಒಬ್ಬಳೇ ಹೆಂಗಸು ನಾನು, ಬಾಯಿ ಜೋರು ಎಂಬ ಹೆಸರೂ ಇದೆ. ನನ್ನ ತಮ್ಮ ಚೆಲುವರಾಜ ಈ ತಂಡದ ಒಂಬತ್ತನೇ ನಂಬರಾಗಿದ್ದ. ಅಮ್ಮ ಹೋದಾಗ ಅವನಿಗೆ ಐದು ವರ್ಷ, ನಾನೇ ಸಾಕಿದ್ದು. ಹನ್ನೊಂದು ವರ್ಷದ ಹಿಂದೆ, ಏಪ್ರಿಲ್‌ನ ಸುಡುಬಿಸಿಲಲ್ಲಿ, ಫೈನಲ್ ಮ್ಯಾಚಿನಲ್ಲಿ ಅವನು ಕುಸಿದುಬಿದ್ದ. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಮೂರನೇ ದಿನ ಊರೆಲ್ಲ ಮೈದಾನದ ಮೆಟ್ಟಿಲುಗಳ ಮೇಲೆ ಸೇರಿದಾಗ ನಾನು ಎದ್ದುನಿಂತು ‘ಈ ಮನುಷ್ಯ ನಮಗೆ ಬೇಡ’ ಅಂದೆ. ಹಿಂದೆಯೇ ಎಲ್ಲರೂ ಬೇಡ ಬೇಡ ಅಂದರು. ಇನ್ನಾಸಪ್ಪನವರು ಏನೋ ಹೇಳಲು ಬಾಯಿ ತೆರೆದರು. ಗಾಳಿ ಮಾತ್ರ ಬಂತು.

ಅಂದಿನಿಂದ ಅವರ ದನಿ ಮೈದಾನದಲ್ಲಿದೆ. ಇಪ್ಪತ್ತು ವರ್ಷ ಅಲ್ಲಿ ಕೂಗಿದ್ದನ್ನೆಲ್ಲ ಹಿಂದುಮುಂದಿಲ್ಲದೆ ಕೂಗುತ್ತದೆ. ‘ಓಡಬೇಡ, ಚೆಂಡು ಬರಲಿ.’ ‘ಕಣ್ಣು ಎಲ್ಲಿ ಇಟ್ಟಿದ್ದೀಯೋ?’ ‘ನೀರು ಕುಡಿಯಿರಿ, ನೀರು.’ ವಾರಕ್ಕೆ ಒಂದೆರಡು ಸಲ, ಸಾಮಾನ್ಯವಾಗಿ ಸಂಜೆ ಐದರ ಮೇಲೆ, ‘ಚೆಲುವಾ… ಸಾಕು, ಹೊರಗೆ ಬಾ’ ಅನ್ನುತ್ತದೆ. ಅದನ್ನು ಕೇಳಲು ನಾನು ದಿನಾ ಸಂಜೆ ಹೊಲಿಗೆ ಬುಟ್ಟಿ ಎತ್ತಿಕೊಂಡು ಮೂರನೇ ಮೆಟ್ಟಿಲಿನ ಮೇಲೆ ಕೂರುತ್ತೇನೆ. ನನ್ನ ತಮ್ಮನ ಹೆಸರನ್ನು ಈಗ ಗಟ್ಟಿಯಾಗಿ ಕರೆಯುವವರು ಬೇರೆ ಯಾರೂ ಇಲ್ಲ. ಹೆಸರು ಕೇಳಿಸಿದ ದಿನ ಮನೆಗೆ ಹೋಗಿ ಎರಡು ತುತ್ತು ಹೆಚ್ಚಿಗೆ ಉಣ್ಣುತ್ತೇನೆ.

ಸೋತ ಮಾರನೇ ದಿನ ಗೌಸ್ ಸಾಬರ ಸೈಕಲ್ ಅಂಗಡಿಯಲ್ಲಿ ಸಂಘದ ಸಭೆ ಸೇರಿತು. ಗೌಸ್ ಸಾಬರು ಸಂಘದ ಅಧ್ಯಕ್ಷರು. ಟ್ಯೂಬಿಗೆ ಪ್ಯಾಚ್ ಹಾಕುತ್ತಲೇ ಸಭೆ ನಡೆಸುವವರು. ಕೋಚ್ ಆಗಿದ್ದವನು ಈ ಎಂಟನೇ ಸೋಲಿನ ರಾತ್ರಿಯೇ ಹೇಳದೆ ಕೇಳದೆ ಊರು ಬಿಟ್ಟಿದ್ದ. ಒಂದು ವಾರ ಬಿಡುವಿತ್ತು, ಆಮೇಲೆ ಮೂರು ಮ್ಯಾಚು. ಸೋಲುತ್ತಲೇ ಹೋದರೆ ನಾವು ಲೀಗಿನಿಂದಲೇ ಹೊರಗೆ.

‘ಇನ್ನಾಸಪ್ಪನವರನ್ನ ಕರೆಯೋದು ಬಿಟ್ಟು ಬೇರೆ ದಾರಿ ಇಲ್ಲ’ ಅಂದರು ಸಾಬರು. ‘ಹನ್ನೊಂದು ವರ್ಷದಲ್ಲಿ ಏಳು ಜನ ಕೋಚು ಬಂದರು. ಏನು ಮಾಡಿದರು ಪಾಪ? ಇವರು ಬಲಕ್ಕೆ ಅಂದರೆ ಆ ದನಿ ಎಡಕ್ಕೆ ಅನ್ನುತ್ತೆ. ಹುಡುಗರು ಯಾರ ಮಾತು ಕೇಳಬೇಕು? ದನಿ ಅವರ ಗಂಟಲಿಗೆ ವಾಪಸು ಹೋದರೆ ಅರ್ಧ ಗೋಳು ಅಲ್ಲೇ ಮುಗೀತು.’

‘ಅಲ್ಲ ಸಾಬರೇ, ಅವರಿಗೆ ಅರವತ್ತೈದು’ ಅಂದ ಪರಶಿವಮೂರ್ತಿ. ರೇಷನ್ ಅಂಗಡಿಯಲ್ಲಿ ತೂಕ ಹಾಕುವವನು, ಯಾವ ಮಾತಿಗಾದರೂ ಎದುರು ಮಾತು ಹುಡುಕುವವನು. ‘ಮಂಡಿ ನೋವು ಬೇರೆ. ಆಟ ಎಷ್ಟು ಬದಲಾಗಿದೆ! ಈಗೆಲ್ಲ ಕಂಪ್ಯೂಟರ್ ಇಟ್ಟುಕೊಂಡು ಕಲಿಸ್ತಾರೆ. ಇವರದು ಅದೇ ಎಡಕ್ಕೆ ಕೊಡು, ನೀರು ಕುಡಿ.’

‘ಫೈನಲ್‌ವರೆಗೆ ಕರಕೊಂಡು ಹೋದವರು ಅವರೊಬ್ಬರೇ ಅಲ್ವೇನೋ?’

‘ಫೈನಲ್‌ನಲ್ಲಿ ಏನಾಯ್ತು ಅನ್ನೋದನ್ನೂ ಹೇಳಿ.’

ಎಲ್ಲರೂ ನನ್ನ ಕಡೆ ನೋಡಿ, ನೋಡಲಿಲ್ಲವೆಂಬಂತೆ ಮುಖ ತಿರುಗಿಸಿದರು. ಸಾಬರು ಕೈಯ ಗ್ರೀಸ್ ಒರೆಸಿಕೊಂಡು ನನ್ನ ಪಕ್ಕ ಬಂದು ಕೂತರು.

‘ದೇವೀರಮ್ಮ, ನಿಮ್ಮ ಸಂಕಟ ನಮಗೆ ಗೊತ್ತು. ಆದರೆ ನೀವೇ ಹೋಗಿ ಕರೀಬೇಕು. ಇನ್ನೂ ಸಿಟ್ಟು ಹೋಗಿಲ್ಲವಾ?’

‘ಇಲ್ಲ’ ಅಂದೆ. ‘ನಾನು ಕರೆಯಲ್ಲ. ಬೇಕಾದರೆ ಲೀಗ್ ಬಿಟ್ಟು ಹೋಗಲಿ, ಗೋಲಿ ಆಡಿಕೊಂಡಿರಿ ಎಲ್ಲರೂ.’

ಸಿಟ್ಟು ಎಂದು ಅವರು ಅಂದುಕೊಂಡದ್ದು ನನಗೆ ಅನುಕೂಲವೇ ಆಯಿತು. ಸಿಟ್ಟು ಇರಲಿಲ್ಲ. ಭಯವಿತ್ತು. ದನಿ ಇನ್ನಾಸಪ್ಪನವರ ಗಂಟಲಿಗೆ ಹೋದರೆ ಮೈದಾನ ಬರಿದಾಗುತ್ತದೆ. ಸತ್ತವನನ್ನು ಅವರು ಮತ್ತೆ ಯಾಕೆ ಹೊರಗೆ ಕರೆದಾರು? ಚೆಲುವನನ್ನು ಎರಡನೇ ಸಲ ಮಣ್ಣಿಗೆ ಹಾಕಲು ನನ್ನನ್ನೇ ಬಾಗಿಲಿಗೆ ಕಳಿಸುತ್ತಿದ್ದಾರೆ ಅನ್ನಿಸಿತು.

ಊರು ಸುಮ್ಮನೆ ಬಿಡಲಿಲ್ಲ. ಹಾಲಿನ ಬೂತಿನಲ್ಲಿ, ಗಿರಣಿಯಲ್ಲಿ, ಎಲ್ಲಿ ಹೋದರೂ ಅದೇ ಮಾತು. ಕರೆಯಬೇಕು ಅನ್ನುವವರು ಒಂದು ಗುಂಪು, ಬೇಡ ಅನ್ನುವವರು ಇನ್ನೊಂದು. ಗಿರಣಿಯಲ್ಲಿ ಇಬ್ಬರು ವಾದಕ್ಕೆ ಬಿದ್ದು ಒಬ್ಬರ ರಾಗಿಹಿಟ್ಟನ್ನು ಇನ್ನೊಬ್ಬರು ಹೊತ್ತುಕೊಂಡು ಹೋದರು. ಹೊಲಿಯಲು ಜೆರ್ಸಿ ತಂದ ದೊರೆಸ್ವಾಮಿ ಬಾಗಿಲಲ್ಲೇ ನಿಂತು, ‘ಅಕ್ಕಾ, ನನಗೆ ಮೈದಾನಕ್ಕೆ ಇಳಿಯೋಕೇ ಹೆದರಿಕೆ ಆಗುತ್ತೆ’ ಅಂದ. ‘ಕಿವಿಗೆ ಹತ್ತಿ ಇಟ್ಟುಕೊಂಡು ಆಡಿದೆ, ಆದರೂ ಕೇಳಿಸುತ್ತೆ. ಆ ದನಿ ಹೇಳಿದರೆ ಕಾಲು ತಾನಾಗೇ ತಿರುಗುತ್ತೆ.’ ಇಪ್ಪತ್ತೊಂದು ವರ್ಷ ಅವನಿಗೆ. ಚೆಲುವನಿಗೆ ಆಗಿದ್ದದ್ದು ಇಪ್ಪತ್ತೆರಡು. ನಾನು ಜೆರ್ಸಿ ಕಿತ್ತುಕೊಂಡು ಹೋಗು ಹೋಗು ಅಂದೆ.

ಮಂಗಳವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಇನ್ನಾಸಪ್ಪನವರ ಮನೆ ಕಡೆ ಹೊರಟೆ. ಕರೆಯಲು ಅಲ್ಲ. ನಾನು ಕರೆಯುವುದಿಲ್ಲ, ನೀವು ಆಸೆ ಇಟ್ಟುಕೊಳ್ಳಬೇಡಿ ಎಂದು ಮುಖಕ್ಕೆ ಹೇಳಿಬರಲು. ಹನ್ನೊಂದು ವರ್ಷದಲ್ಲಿ ಆ ಬೀದಿಗೆ ನಾನು ಕಾಲಿಟ್ಟಿರಲಿಲ್ಲ. ಅವರೂ ಮೈದಾನದ ಕಡೆ ಬಂದಿರಲಿಲ್ಲ.

ಅವರು ಜಗಲಿಯ ಮೇಲಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಹೆಣೆಯುತ್ತಿದ್ದ ಬೆತ್ತ ಕೈಬಿಟ್ಟರು, ಆಮೇಲೆ ಕುರ್ಚಿಯನ್ನು ನನ್ನ ಕಡೆ ಸರಿಸಿದರು. ಅರ್ಧ ಹೆಣೆದ ಕುರ್ಚಿ, ಕೂರಲು ಆಗುವಂಥದ್ದಲ್ಲ. ಅದು ತಿಳಿದು ಇಬ್ಬರಿಗೂ ಮುಜುಗರವಾಯಿತು. ನಾನು ಜಗಲಿಯ ಅಂಚಿನಲ್ಲಿ ಕೂತೆ.

ಒಳಗಿನಿಂದ ಅವರ ಹೆಂಡತಿ ಜಪಮಾಲಮ್ಮ ಬಂದರು. ‘ಯಾರು? ದೇವೀರಮ್ಮನಾ?’ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ‘ನನಗೆ ಕಿವಿ ಹೋಗಿದೆ ಕಣಮ್ಮ, ನಾಲ್ಕು ವರ್ಷ ಆಯ್ತು. ಜೋರಾಗಿ ಹೇಳಿದರೆ ಕೇಳುತ್ತೆ. ಇವರದಂತೂ ಒಂದಕ್ಷರ ಕೇಳಲ್ಲ. ತುಟಿ ಅಲ್ಲಾಡೋದು ನೋಡಿ ಊಹೆ ಮಾಡಬೇಕು. ಈಗ ಕಣ್ಣೂ ಮಂಜು.’

ಇನ್ನಾಸಪ್ಪನವರು ನನ್ನ ಕಡೆ ಬಾಗಿ ಪಿಸುಗುಟ್ಟಿದರು. ‘ಕಾಫಿ ಮಾಡು ಅಂತ ಹೇಳ್ತೀಯಾ?’

ನಾನು ಗಟ್ಟಿಯಾಗಿ ಹೇಳಿದೆ. ಜಪಮಾಲಮ್ಮ ಒಳಗೆ ಹೊರಟರು. ಇನ್ನಾಸಪ್ಪನವರು ಮತ್ತೆ ಬಾಗಿದರು. ‘ಸೊಂಟಕ್ಕೆ ಬಿಸಿ ಎಣ್ಣೆ ಹಚ್ಚಬೇಡ, ಡಾಕ್ಟರ್ ಕೊಟ್ಟ ಮುಲಾಮು ಕಪಾಟಿನ ಮೇಲಿದೆ ಅಂತ ಹೇಳಮ್ಮ. ಹದಿನೈದು ದಿನದಿಂದ ತೋರಿಸ್ತಿದ್ದೀನಿ, ಅವಳಿಗೆ ಗೊತ್ತಾಗ್ತಿಲ್ಲ.’ ಅದನ್ನೂ ಹೇಳಿದೆ. ‘ಓ, ಅದಾ! ನಾನು ಇಲಿ ಬಂದಿದೆ ಅಂತಿದ್ದಾರೆ ಅಂದುಕೊಂಡೆ’ ಎಂದು ಆಕೆ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಇನ್ನಾಸಪ್ಪನವರು ಮೂರನೇ ಸಲ ಬಾಗಿ, ‘ನೆನ್ನೆ ಹುರುಳಿ ಸಾರು ಚೆನ್ನಾಗಿತ್ತು ಅಂತ ಹೇಳು’ ಅಂದರು. ನಾನು ಕೂಗಿದೆ. ಜಪಮಾಲಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೇ ಇದ್ದರು. ಗಂಡ ಹೆಂಡತಿಯ ನಡುವೆ ಕೂತು ಬೀದಿಗೆ ಕೇಳುವಂತೆ ಇದನ್ನೆಲ್ಲ ಹೇಳಿ ನನಗೆ ಮುಖ ಎತ್ತಲಾಗಲಿಲ್ಲ. ಆ ಮನೆಯ ಮಾತನ್ನು ಕಿತ್ತುಕೊಂಡವಳು ನಾನೇ.

ಆಕೆ ಒಳಗೆ ಹೋದ ಮೇಲೆ, ‘ನಾನು ಯಾಕೆ ಬಂದೆ ಗೊತ್ತಾ?’ ಅಂದೆ.

‘ಊರೆಲ್ಲ ಮಾತಾಡ್ತಿದೆ. ಕೇಳಿಸಿಕೊಳ್ಳೋಕೆ ನನಗೇನು ತೊಂದರೆ ಇಲ್ಲವಲ್ಲ.’ ಅವರ ತುಟಿ ಸ್ವಲ್ಪ ನಕ್ಕಿತು. ‘ನೀನು ಕರೀಬೇಡ ದೇವೀರಿ. ಆ ದನಿಯಲ್ಲಿ ಅವನ ಹೆಸರಿದೆ. ನೀನು ದಿನಾ ಹೋಗಿ ಕೂರ್ತೀಯ ಅಂತ ಗೊತ್ತು. ನಾನು ಆ ಕಡೆ ಬರದೆ ಇರೋದೂ ಅದಕ್ಕೇ. ನನ್ನ ಕೈಲಿ ಕೇಳೋಕಾಗಲ್ಲ.’

ಅವರು ಇದನ್ನು ಹೇಳದೆ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬಾಯಿಗೆ ಬಂದದ್ದು ಹೇಳಿ ಎದ್ದು ಬರುತ್ತಿದ್ದೆ. ‘ಅವತ್ತು ನೀವು ಅವನನ್ನ ಹೊರಗೆ ಕರೆದಿರಿ’ ಅಂದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದ್ದು.

‘ಬಂದನಲ್ಲ’ ಎಂದು ಅವರು ಪಿಸುಗುಟ್ಟಿದರು. ‘ಗೆರೆವರೆಗೂ ಬಂದ. ಒಂದು ಹೆಜ್ಜೆ ಇಟ್ಟಿದ್ದರೆ ಹೊರಗೆ. ಆಗ ಮೆಟ್ಟಿಲ ಕಡೆ ನೋಡಿದ.’

ಮೆಟ್ಟಿಲ ಕಡೆ ಅಂದರೆ ನನ್ನ ಕಡೆ. ನಾವು ಒಂದು ಗೋಲು ಹಿಂದಿದ್ದೆವು. ಹತ್ತು ನಿಮಿಷ ಉಳಿದಿತ್ತು. ಅವನ ಮುಖ ಕೆಂಪೇರಿತ್ತು, ಕಣ್ಣು ಎಲ್ಲೋ ಇತ್ತು. ಬೆಳಿಗ್ಗೆ ಮೈ ಬಿಸಿ ಇತ್ತೆಂದು ನನಗೆ ಗೊತ್ತಿತ್ತು. ಆದರೂ ನಾನು ಎದ್ದುನಿಂತು ಸೆರಗು ಬೀಸುತ್ತಾ ‘ಆಡೋ! ಬರಬೇಡ, ಆಡೋ!’ ಎಂದು ಕೂಗಿದೆ. ಮೆಟ್ಟಿಲುಗಳೆಲ್ಲ ನನ್ನ ಹಿಂದೆ ‘ಆಡು, ಆಡು’ ಎಂದು ಕೂಗಿದವು. ಅವನು ನನ್ನ ಮಾತು ಕೇಳಿದ. ಅವನು ಯಾವತ್ತೂ ನನ್ನ ಮಾತು ಮೀರಿದವನಲ್ಲ.

‘ನೀನೊಬ್ಬಳೇ ಕೂಗಲಿಲ್ಲ’ ಅಂದರು ಇನ್ನಾಸಪ್ಪನವರು.

‘ಮೊದಲು ಕೂಗಿದ್ದು ನಾನು. ಬೇಡ ಅಂತ ಮೊದಲು ಅಂದಿದ್ದೂ ನಾನು.’

ಊರಲ್ಲಿ ಎಲ್ಲರಿಗೂ ಇದು ಗೊತ್ತಿತ್ತು. ಕೂಗಿದ ಗಂಟಲುಗಳು ಅವರವೇ. ಅಂಥ ಹೊತ್ತಿನಲ್ಲಿ ತಪ್ಪನ್ನು ಹೊರಿಸಲು ಒಂದು ಹೆಗಲು ಬೇಕಿತ್ತು, ಇನ್ನಾಸಪ್ಪನವರ ಹೆಗಲು ಸಿಕ್ಕಿತು. ಆಮೇಲೆ ಸಂಜೆ ಸಂಜೆ ಆ ದನಿ ‘ಸಾಕು, ಹೊರಗೆ ಬಾ’ ಎಂದು ಸಾಕ್ಷಿ ಹೇಳುತ್ತಲೇ ಇತ್ತು. ನಾವು ಕಡಲೆಕಾಯಿ ತಿನ್ನುತ್ತಾ ಕೇಳಿಸಿಕೊಂಡೆವು.

ಕಾಫಿ ಬಂತು. ಕುಡಿದು ಎದ್ದೆ. ಮೆಟ್ಟಿಲಿಳಿದವಳು ತಿರುಗಿ, ‘ನನಗೆ ಶನಿವಾರದವರೆಗೆ ಟೈಮ್ ಕೊಡಿ’ ಅಂದೆ. ಅವರಿಗೆ ಅರ್ಥವಾಯಿತು. ತಲೆಯಾಡಿಸಿದರು.

ಆ ವಾರ ನಾನು ಮೂರು ಗಂಟೆಗೇ ಮೈದಾನಕ್ಕೆ ಹೋಗಿ ಕೂರುತ್ತಿದ್ದೆ. ಕೊನೆಯ ಸಲ ಒಮ್ಮೆ ಅವನ ಹೆಸರು ಕೇಳಿಸಿಕೊಳ್ಳಬೇಕು, ಅಷ್ಟೆ. ಕೇಳಿಸಿಕೊಂಡು ನೇರ ಹೋಗಿ ಕರೆದುಬಿಡುತ್ತೇನೆ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ. ಮಂಗಳವಾರ ದನಿ ಯಾರನ್ನೋ ಬೂಟಿನ ಲೇಸು ಕಟ್ಟಿಕೊಳ್ಳಲು ಹೇಳಿತು. ಬುಧವಾರ ಪೂರ್ತಿ ನೀರು ಕುಡಿಯಿರಿ, ನೀರು ಕುಡಿಯಿರಿ. ಗುರುವಾರ ಯಾವುದೋ ಹಳೆಯ ಗೋಲಿಗೆ ‘ಭಲೇ!’ ಎಂದಿತು, ಅದು ಚೆಲುವ ಹೊಡೆದ ಗೋಲೇ ಇರಬಹುದು ಎಂದು ಅಂದುಕೊಂಡು ಸಮಾಧಾನ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಶುಕ್ರವಾರ ಮಾತೇ ಇಲ್ಲ. ಶನಿವಾರ ಕತ್ತಲಾಗುವವರೆಗೂ ಕೂತೆ. ಸೂಜಿಗೆ ದಾರ ಪೋಣಿಸಲು ಕಾಣದಷ್ಟು ಕತ್ತಲಾದ ಮೇಲೆ ‘ಎಡಕ್ಕೆ ಕೊಡೋ’ ಅಂದಿತು. ನನಗೆ ಅಳು ಬಂತು. ಅಳುತ್ತಲೇ ಬುಟ್ಟಿ ಎತ್ತಿಕೊಂಡು ಹೊರಟೆ.

ಇನ್ನಾಸಪ್ಪನವರ ಮನೆಯಲ್ಲಿ ದೀಪ ಹಚ್ಚಿದ್ದರು. ಹೊಸ್ತಿಲಾಚೆ ನಿಂತು, ‘ನಾನೇ ಬೇಡ ಅಂದಿದ್ದೆ. ನಾನೇ ಕರೀತಿದ್ದೀನಿ. ಬನ್ನಿ’ ಅಂದೆ. ಅವರು ಎದ್ದರು. ಗಂಟಲಲ್ಲಿ ಏನೋ ಸಿಕ್ಕಿಕೊಂಡವರ ಹಾಗೆ ಎರಡು ಸಲ ಕೆಮ್ಮಿದರು. ನನಗೆ ಏನೋ ಹೇಳಲು ಬಾಯಿ ತೆರೆದವರು ಒಳಗೆ ತಿರುಗಿ, ‘ಜಪಮಾಲೇ!’ ಎಂದು ಕರೆದರು. ಮೈದಾನದ ದನಿ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ‘ಬಂದೆ, ಬಂದೆ, ಯಾಕೆ ಹಾಗೆ ಕೂಗ್ತೀರಿ’ ಎಂದು ಆಕೆ ಓಡಿಬಂದರು. ನಾನು ನಿಲ್ಲಲಿಲ್ಲ.

ಮಾರನೇ ದಿನ ಬೆಳಿಗ್ಗೆ ಇನ್ನಾಸಪ್ಪನವರು ಹುಡುಗರನ್ನು ಸಾಲಾಗಿ ನಿಲ್ಲಿಸಿದರು. ಮೂರನೇ ಮೆಟ್ಟಿಲಿನ ಮೇಲೆ ಕೂತು ನೋಡಿದೆ. ಅವರು ಮಾತಾಡದಿದ್ದಾಗ ಮೈದಾನ ಸುಮ್ಮನಿತ್ತು. ಹುಲ್ಲಿನ ಮೇಲೆ ಮೈನಾ ಓಡಾಡುವ ಸದ್ದೂ ಕೇಳಿಸುತ್ತಿತ್ತು. ಗೌಸ್ ಸಾಬರು ಬಂದು ನನ್ನ ಕೈಹಿಡಿದು, ‘ದೊಡ್ಡ ಮನಸ್ಸು ನಿಮ್ಮದು’ ಅಂದರು. ದೊಡ್ಡ ಮನಸ್ಸು! ಕೈ ಬಿಡಿಸಿಕೊಂಡೆ. ಆಮೇಲೂ ಸಂಜೆ ಹೊತ್ತು ಅಭ್ಯಾಸದ ಬಲದಿಂದ ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಕೇಳಲು ಏನೂ ಇರಲಿಲ್ಲ. ಊಟ ಸೇರುತ್ತಿರಲಿಲ್ಲ.

ಮೂರರಲ್ಲಿ ಮೊದಲ ಮ್ಯಾಚು ಗೆದ್ದೆವು. ಊರು ಹುಚ್ಚೆದ್ದು ಕುಣಿಯಿತು. ಪರಶಿವಮೂರ್ತಿ ತಾನೇ ಇನ್ನಾಸಪ್ಪನವರನ್ನು ಕರೆತಂದವನ ಹಾಗೆ ರೇಷನ್ ಅಂಗಡಿಯಲ್ಲಿ ಸಕ್ಕರೆ ಹಂಚಿದ. ಎರಡನೆಯದು ಡ್ರಾ ಆಯಿತು. ಮೂರನೆಯದನ್ನು ಗೆದ್ದರೆ ಮಾತ್ರ ಲೀಗಿನಲ್ಲಿ ಉಳಿಯುತ್ತಿದ್ದೆವು.

ಆ ದಿನ ಮೆಟ್ಟಿಲುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದಕ್ಕೊಂದು ಗೋಲಾಗಿತ್ತು. ಇನ್ನು ಹತ್ತು ನಿಮಿಷ. ಇನ್ನಾಸಪ್ಪನವರು ಇಳಿಸಬಹುದಾದ ಬದಲಿ ಆಟಗಾರರನ್ನೆಲ್ಲ ಇಳಿಸಿಯಾಗಿತ್ತು. ಆಗ ಚೆಂಡಿಗೆ ತಲೆ ಕೊಡಲು ಹಾರಿದ ದೊರೆಸ್ವಾಮಿ ಎದುರಿನವನ ತಲೆಗೆ ಡಿಕ್ಕಿ ಹೊಡೆದು ಬಿದ್ದ. ಎದ್ದ. ಎರಡು ಹೆಜ್ಜೆ ಇಟ್ಟು ತೂರಾಡಿದ, ಮತ್ತೆ ಸರಿಯಾಗಿ ನಿಂತು ಏನಿಲ್ಲ ಎಂದು ಕೈಯಾಡಿಸಿದ. ಅವನ ಕಣ್ಣು ಎಲ್ಲೋ ಇತ್ತು.

‘ದೊರೇ! ಸಾಕು, ಹೊರಗೆ ಬಾ!’

ಹೆಸರು ಬೇರೆ, ಉಳಿದದ್ದೆಲ್ಲ ಅದೇ. ಅವನು ಹೊರಗೆ ಬಂದರೆ ನಾವು ಹತ್ತೇ ಜನ. ಅವನು ಬೇಸರದಿಂದ ಗೆರೆಯ ಕಡೆ ನಡೆಯತೊಡಗಿದ. ಹಿಂದಿನ ಸಾಲಿನಲ್ಲಿ ಯಾರೋ ‘ಏ, ಆಡೋ!’ ಎಂದರು. ‘ಬರಬೇಡ ಕಣೋ, ಆಡು!’ ಎಂದು ಪರಶಿವಮೂರ್ತಿ ಅರಚಿದ. ಮೆಟ್ಟಿಲುಗಳೆಲ್ಲ ‘ಆಡು, ಆಡು’ ಎಂದು ಕಾಲು ಬಡಿಯತೊಡಗಿದವು. ದೊರೆಸ್ವಾಮಿ ಗೆರೆಯ ಹತ್ತಿರ ನಿಂತ. ಮೇಲೆ ನೋಡಿದ.

ನಾನು ಎದ್ದೆ. ಬುಟ್ಟಿ ಉರುಳಿ ದಾರದ ಉಂಡೆಗಳೆಲ್ಲ ಮೆಟ್ಟಿಲಿಳಿದು ಹೋದವು. ‘ಬಾರೋ ಹೊರಗೆ!’ ಎಂದು ಕೂಗಿದೆ. ‘ಇವರ ಮಾತು ಕೇಳಬೇಡ, ಹೊರಗೆ ಬಾರೋ! ಚೆಲುವಾ, ಬಾರೋ!’ ಹೆಸರು ತಾನಾಗಿ ಬಂದುಬಿಟ್ಟಿತು. ಸುತ್ತ ಕಾಲು ಬಡಿಯುತ್ತಿದ್ದವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಅಷ್ಟು ಜನರ ನಡುವೆ ನನ್ನ ಗಂಟಲೊಂದೇ ಹರಿದುಹೋಗುವಂತೆ ಕೂಗುತ್ತಿತ್ತು. ದೊರೆಸ್ವಾಮಿ ಒಂದು ಹೆಜ್ಜೆ ಇಟ್ಟ, ಗೆರೆ ದಾಟಿದ. ಇನ್ನಾಸಪ್ಪನವರು ಅವನ ಹೆಗಲಿಗೆ ಟವೆಲ್ ಹಾಕಿ ನೆಲದ ಮೇಲೆ ಕೂರಿಸಿದರು. ಅವನು ಅಲ್ಲೇ ವಾಂತಿ ಮಾಡಿಕೊಂಡ. ಡಾಕ್ಟರು ಬಂದು ಕಣ್ಣಿಗೆ ಬೆಳಕು ಬಿಟ್ಟು ನೋಡಿ ಆಸ್ಪತ್ರೆಗೆ ಕರೆದೊಯ್ದರು. ಎರಡು ದಿನ ಇಟ್ಟುಕೊಂಡು ಕಳಿಸಿದರು.

ನಾವು ಸೋತೆವು. ಮುಗಿಯಲು ಒಂದು ನಿಮಿಷವಿದ್ದಾಗ, ದೊರೆಸ್ವಾಮಿ ನಿಲ್ಲುತ್ತಿದ್ದ ಜಾಗದಿಂದಲೇ ಅವರು ಗೋಲು ಹೊಡೆದರು. ಅರವತ್ತು ವರ್ಷದ ತಂಡ ಲೀಗಿನಿಂದ ಹೊರಬಿತ್ತು.

ಯಾರೂ ಎದ್ದು ಹೋಗಲಿಲ್ಲ. ಏನು ನಡೆಯಬೇಕೆಂದು ಎಲ್ಲರಿಗೂ ಗೊತ್ತಿತ್ತು. ಇನ್ನಾಸಪ್ಪನವರು ಮೈದಾನದ ನಡುವೆ, ಕೈ ಹಿಂದೆ ಕಟ್ಟಿಕೊಂಡು, ಮೆಟ್ಟಿಲುಗಳ ಕಡೆ ಮುಖ ಮಾಡಿ ನಿಂತಿದ್ದರು. ಗೇಟಿನ ಹತ್ತಿರ ಜಪಮಾಲಮ್ಮ ಸೆರಗು ಹೊದ್ದು ಕೂತಿದ್ದರು. ಪರಶಿವಮೂರ್ತಿ ನನ್ನ ಪಕ್ಕ ಬಂದು ದನಿ ತಗ್ಗಿಸಿ, ‘ದೇವೀರಕ್ಕ, ಹೇಳಿಬಿಡಿ’ ಅಂದ. ‘ನೀವು ಶುರು ಮಾಡಿದರೆ ನಾವೆಲ್ಲ ಇದ್ದೀವಿ. ನಿಮ್ಮ ಬಾಯಲ್ಲೇ ಬರಬೇಕು.’

ಬೇಡ ಎನ್ನುವುದು ಎರಡೇ ಅಕ್ಷರ. ಅಂದುಬಿಟ್ಟರೆ ದನಿ ಮತ್ತೆ ಇಲ್ಲೇ ಉಳಿಯುತ್ತದೆ. ನಾಳೆ ಸಂಜೆ, ನಾಡಿದ್ದು ಸಂಜೆ, ನಾನು ಸಾಯುವವರೆಗೆ ಎಲ್ಲ ಸಂಜೆಗಳಲ್ಲೂ ‘ಚೆಲುವಾ’ ಎನ್ನುವುದನ್ನು ಕೇಳಬಹುದು. ನನಗೆ ಅದು ಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಹಸಿದವರಿಗೆ ಅನ್ನ ಬೇಕಾದ ಹಾಗೆ ಬೇಕಿತ್ತು. ನಾಲಿಗೆಯ ತುದಿಗೆ ಬಂದ ಮಾತನ್ನು ಸೆರಗಿನಿಂದ ಮುಚ್ಚಿ ಹಿಡಿದುಕೊಂಡೆ. ಗೇಟಿನ ಹತ್ತಿರ ಜಪಮಾಲಮ್ಮ ನನ್ನ ಕಡೆಯೇ ನೋಡುತ್ತಿದ್ದರು. ಮಂಜುಗಣ್ಣಿಗೆ ನಾನು ಕಂಡೆನೋ ಇಲ್ಲವೋ.

‘ನಿನಗೆ ಅಷ್ಟು ಬೇಕಿದ್ದರೆ ನೀನೇ ಮೊದಲು ಹೇಳು ಪರಶಿವು’ ಅಂದೆ. ‘ಆಮೇಲೆ ಕರೆಯೋಕೆ ಹೋಗಬೇಕಾದವನೂ ನೀನೇ.’

ಮೊದಲಿಗರಾಗಲು ಯಾರಿಗೂ ಧೈರ್ಯವಿರಲಿಲ್ಲ. ಕೊನೆಗೆ ಒಬ್ಬೊಬ್ಬರಾಗಿ ಇಳಿದು ಹೋದರು. ಗೌಸ್ ಸಾಬರು ಮೆಟ್ಟಿಲುಗಳಲ್ಲಿ ಚದುರಿದ್ದ ದಾರದ ಉಂಡೆಗಳನ್ನು ಆರಿಸಿ ತಂದು ನನ್ನ ಬುಟ್ಟಿಗೆ ಹಾಕಿ ಹೋದರು. ಬಿಸಿಲು ಇಳಿಯಿತು. ನಾನು ಮೂರನೇ ಮೆಟ್ಟಿಲಿನ ಮೇಲೆ ಕೂತೇ ಇದ್ದೆ. ಐದರ ಮೇಲಾಗಿತ್ತು. ಕಿವಿ ತಾನಾಗಿ ಕಾಯುತ್ತಿತ್ತು, ಬುದ್ಧಿಯಿಲ್ಲದ ಕಿವಿ.

ಇನ್ನಾಸಪ್ಪನವರು ಚೆಂಡುಗಳನ್ನು ಬಲೆಚೀಲಕ್ಕೆ ತುಂಬಿದರು. ಮೂಲೆಯ ಬಾವುಟಗಳನ್ನು ಕಿತ್ತು ಕಟ್ಟಿದರು. ಚೀಲ ಹೆಗಲಿಗೆ ಹಾಕಿಕೊಂಡು ಕುಂಟುತ್ತಾ ಗೇಟಿನವರೆಗೆ ಹೋಗಿ, ಬೀಗ ಕೈಯಲ್ಲಿ ಹಿಡಿದು, ಹಿಂತಿರುಗಿ ನೋಡಿದರು. ಮೈದಾನವೆಲ್ಲ ಕೇಳುವಂತೆ ಕರೆದರು.

‘ದೇವೀರೀ… ಸಾಕು, ಹೊರಗೆ ಬಾ.’

ನಾನು ಬುಟ್ಟಿ ಎತ್ತಿಕೊಂಡು ಮೆಟ್ಟಿಲಿಳಿದೆ.